ಹಿಮಕ್ಕೆ ನೀಲಿ ಬಂದದ್ದು ಎಲ್ಲಿಂದ?

ಪ್ರಶ್ನೆ: ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್‌ನ ‘ಕರಗುವ ಹಿಮ, ಫಾಂಟೆನ್‌ಬ್ಲೋ’ ಚಿತ್ರವನ್ನು ಪುಸ್ತಕವೊಂದರಲ್ಲಿ ನೋಡಿದೆ. ಹಿಮ ಬೆಳ್ಳಗಲ್ಲವೇ? ಅದರಲ್ಲಿ ಅಷ್ಟೊಂದು ನೀಲಿ ಏಕೆ? ಮುದ್ರಣದ ದೋಷವೇ?

ಉತ್ತರ: ಮುದ್ರಕರನ್ನು ಬೈಯಬೇಡಿ. ಬಿಸಿಲು ನೇರವಾಗಿ ಬಿದ್ದಲ್ಲಿ ಹಿಮ ಬೆಳ್ಳಗೆ, ತುಸು ಹಳದಿಯಾಗಿಯೂ ಕಾಣುತ್ತದೆ. ಮರದ ನೆರಳಿರುವ ಕಡೆ ಸೂರ್ಯನ ನೇರ ಬೆಳಕಿಲ್ಲ. ಅಲ್ಲಿಗೆ ಬರುವುದು ಆಕಾಶದ ನೀಲಿ ಬೆಳಕು. ಹಿಮ ಬಂದದ್ದನ್ನು ಬಂದ ಹಾಗೆಯೇ ಹಿಂದಿರುಗಿಸುತ್ತದೆ. ನಂಬಿಕೆ ಬಾರದಿದ್ದರೆ ಕಡುಬಿಸಿಲಲ್ಲಿ ಒಣಹಾಕಿದ ಬಿಳಿ ಪಂಚೆಯ ನೆರಳು ಬಿದ್ದ ಮಡಿಕೆಗಳನ್ನು ನೋಡಿ. (ನೀಲಿಗೆ ಅದ್ದಿದ ಪಂಚೆಯಾದರೆ ಪರೀಕ್ಷೆ ಕೆಟ್ಟಂತೆ.) ಕ್ಲಾಡ್ ಮೋನೆಯಂಥ ಇಂಪ್ರೆಷನಿಸ್ಟ್ ಚಿತ್ರಕಾರರು, ಅಂದರೆ ಗಳಿಗೆಯ ಬೆಳಕನ್ನು ಕಂಡಂತೆ ಹಿಡಿಯಹೊರಟವರು, ಹೀಗೆ ಕಂಡ ನೀಲಿಯನ್ನೇ ಬಳಿದರು. ಇವರಿಗೆ ನೀಲಿಯ ಹುಚ್ಚು ಹಿಡಿದಿದೆ ಎಂದು ವಿಮರ್ಶಕ ಹ್ಯೂಸ್ಮಾನ್ಸ್ ಅಣಕಿಸಿದ್ದೂ ಉಂಟು.

ಆದರೆ ಈ ಚಿತ್ರದ ಮಟ್ಟಿಗೆ ಇದು ಅರ್ಧ ಉತ್ತರ. ಸೆಜಾನ್ ಇದನ್ನು ಬಿಡಿಸಿದ್ದು 1879–80ರ ಸುಮಾರಿಗೆ, ಫಾಂಟೆನ್‌ಬ್ಲೋ ಕಾಡಿಗೆ ಹತ್ತಿರದ ಮೆಲನ್ ಪಟ್ಟಣದಲ್ಲಿ ನೆಲೆಸಿದ್ದಾಗ. ಆ ಡಿಸೆಂಬರಿನಲ್ಲಿ ಪ್ಯಾರಿಸ್ ಬಳಿ ಉಷ್ಣಾಂಶ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದಿತ್ತು. ನಿಸರ್ಗದ ಎದುರೇ ಕುಳಿತು ಬಿಡಿಸಬೇಕೆಂಬ ಹಟದ ಮನುಷ್ಯ ಈ ಸಲ ಮುಂದಿಟ್ಟುಕೊಂಡದ್ದು ಒಂದು ಛಾಯಾಚಿತ್ರವನ್ನು. ಚಳಿಯೇ ಅವನನ್ನು ಒಳಗೆ ಕೂರಿಸಿರಬೇಕು ಎಂಬುದು ನನ್ನ ಊಹೆ.

ಆ ಕಾಲದ ಛಾಯಾಚಿತ್ರದಲ್ಲಿ ನೀಲಿ ಎಲ್ಲಿಂದ ಬರಬೇಕು? ಅಲ್ಲಿದ್ದದ್ದು ಕಪ್ಪು ಕಾಂಡ, ಖಾಲಿ ಬಿಳುಪು ಅಷ್ಟೇ. ನೀಲಿಯನ್ನು ತಂದವನು ಸೆಜಾನ್. ಒಂದರ ಪಕ್ಕ ಒಂದರಂತೆ ಓರೆಯಾಗಿ ಎಳೆದ ಕುಂಚದ ಗೀರುಗಳಲ್ಲಿ ಅದು ಹಿಮದ ನೆರಳನ್ನು ದಾಟಿ ಮರಗಳ ಸಂದಿಗೂ ಹರಿಯುತ್ತದೆ. ಮೋನೆಗೆ ನೀಲಿ ಎಂದರೆ ಆ ಗಳಿಗೆಯ ಬೆಳಕು. ಸೆಜಾನ್‌ಗೆ ಅದು ಮರಕ್ಕೂ ಮರಕ್ಕೂ ನಡುವಿನ ದೂರ. ಕೆಂಪು, ಹಳದಿಗಳ ನಡುವೆ ಸಾಕಷ್ಟು ನೀಲಿ ಬೆರೆತರೆ ಗಾಳಿಯ ಅನುಭವವಾಗುತ್ತದೆ ಎಂದು ಅವನೇ 1904ರಲ್ಲಿ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಬರೆದ. ಇಂಥ ವ್ಯತ್ಯಾಸಗಳಿಂದಲೇ ಅವನನ್ನು ಪೋಸ್ಟ್ ಇಂಪ್ರೆಷನಿಸ್ಟರ, ಅಂದರೆ ಇಂಪ್ರೆಷನಿಸ್ಟರನ್ನು ದಾಟಿ ಬೇರೆ ದಾರಿ ಹಿಡಿದವರ, ಸಾಲಿಗೆ ಸೇರಿಸುತ್ತಾರೆ.

ಚಿತ್ರ ಈಗ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. 1899ರ ಪ್ಯಾರಿಸ್ ಹರಾಜಿನಲ್ಲಿ ಇದು 6,750 ಫ್ರಾಂಕಿಗೆ ಹೋದಾಗ ಜನ ನಂಬಲಿಲ್ಲವಂತೆ. ಕೊಂಡವನ ಹೆಸರು ಹೇಳಿ ಎಂದು ಕೂಗಿದರಂತೆ. ಆಗ ಎದ್ದು ನಿಂತು, ಕೊಂಡವನು ನಾನೇ ಎಂದವನು ಕ್ಲಾಡ್ ಮೋನೆ.