ಬದುವಿನ ದಾವೆ: ಕೋರಿಕೆ ಯಾವುದು?

ಬದು, ಬಂಡಿದಾರಿ, ಸೈಟಿನ ಗೋಡೆ, ಕೈಸಾಲ. ತಾಲ್ಲೂಕು ಸಿವಿಲ್ ನ್ಯಾಯಾಲಯಕ್ಕೆ ದಿನಾ ಬರುವ ಮೂಲ ದಾವೆಗಳು ಹೆಚ್ಚಾಗಿ ಇಂಥವೇ. ಜಮೀನಿದ್ದ ಕಡೆಯೇ ದಾವೆ (ಸಿವಿಲ್ ಪ್ರಕ್ರಿಯಾ ಸಂಹಿತೆ, ಅಂದರೆ ಸಿಪಿಸಿ, ಕಲಂ 16), ಅದೂ ವಿಚಾರಣಾಧಿಕಾರವಿರುವ ಅತಿ ಕೆಳಹಂತದ ನ್ಯಾಯಾಲಯದಲ್ಲಿ (ಕಲಂ 15). ಇಷ್ಟರಲ್ಲಿ ಕಷ್ಟವಿಲ್ಲ. ಕಾಲು ತೊಡರುವುದು ವಾದಪತ್ರದ ಕೊನೆಯ ಕೋರಿಕೆಯಲ್ಲಿ.

ವಾದಿಯದು 2 ಎಕರೆ 10 ಗುಂಟೆ, ತಕರಾರು ಪೂರ್ವದ ಬದುವಿನ 3 ಗುಂಟೆಗೆ ಅಂತಿಟ್ಟುಕೊಳ್ಳಿ. ಪಕ್ಕದವನು ಬದು ಕಡಿಯಲು ಬರುತ್ತಿದ್ದಾನಷ್ಟೇ, ಉಳುಮೆ ವಾದಿಯದೇ ಎಂದಾದರೆ ಬರೀ ಶಾಶ್ವತ ನಿರ್ಬಂಧಕಾಜ್ಞೆ (ಅಡ್ಡಿಪಡಿಸದಂತೆ ತಡೆಯುವ ಆದೇಶ) ಸಾಕು. ಕಡಿದು ಉತ್ತೇಬಿಟ್ಟಿದ್ದರೆ ಸ್ವಾಧೀನವನ್ನೂ ಕೇಳಲೇಬೇಕು. ದಾವೆ ಹೂಡಿದ ದಿನ ಸ್ವಾಧೀನದಲ್ಲಿ ಇಲ್ಲದವನಿಗೆ ಬರೀ ನಿರ್ಬಂಧಕಾಜ್ಞೆ ದಕ್ಕದು.

ಮೂರನೆಯದೇ ಗೋಜಲು: ಹಕ್ಕು ಘೋಷಣೆ (ಜಮೀನು ವಾದಿಯದೇ ಎಂದು ನ್ಯಾಯಾಲಯ ಸಾರುವುದು) ಯಾವಾಗ ಬೇಕು? ಸುಪ್ರೀಂ ಕೋರ್ಟಿನ ಅನಾಥುಲ ಸುಧಾಕರ್ ವಿರುದ್ಧ ಪಿ. ಬುಚ್ಚಿ ರೆಡ್ಡಿ (2008) ತೀರ್ಪನ್ನು ಇದಕ್ಕಾಗಿಯೇ ಓದಬೇಕು. ಪ್ರತಿವಾದಿ ಬಾಯಿಮಾತಿಗೆ 'ಅದು ನಂದು' ಅಂದಮಾತ್ರಕ್ಕೆ ವಾದಿಯ ಹಕ್ಕು ಅನುಮಾನಕ್ಕೆ ಬೀಳುವುದಿಲ್ಲ. ಆ 3 ಗುಂಟೆಗೆ ಅವನೂ ಕ್ರಯಪತ್ರವನ್ನೋ ವಿಭಾಗಪತ್ರವನ್ನೋ ಹಾಜರುಪಡಿಸಿ, ಮೇಲ್ನೋಟಕ್ಕೆ ಅವನಿಗೂ ಹಕ್ಕಿದೆ ಅನ್ನಿಸಿದರೆ ಮಾತ್ರ ಬೀಳುತ್ತದೆ. ಆಗ ಘೋಷಣೆ ಕೇಳದೆ ಬರೀ ನಿರ್ಬಂಧಕಾಜ್ಞೆಗೆ ಅಂಟಿಕೊಂಡರೆ ದಾವೆ ವಜಾ ಆಗಬಹುದು. ಪಹಣಿಯಲ್ಲಿ ಅವನ ಹೆಸರಿದೆಯೇ? ಭೂಕಂದಾಯ ಕಾಯ್ದೆಯ ಕಲಂ 133ರ ಪ್ರಕಾರ ಅದು ಬರೀ ಪೂರ್ವಭಾವನೆ (ಸದ್ಯಕ್ಕೆ ನಿಜವೆಂದು ಎಣಿಸುವುದು), ಸಾಕ್ಷ್ಯ ಕೊಟ್ಟು ಅಲ್ಲಗಳೆಯಬಹುದು. ಪಹಣಿಯೇ ಹಕ್ಕುಪತ್ರವಲ್ಲ.

ಇದೆಲ್ಲ ಗೊತ್ತಿದ್ದೂ ಜನ ಬರೀ ನಿರ್ಬಂಧಕಾಜ್ಞೆಗೇ ಹೋಗುವುದು ಶುಲ್ಕ ಉಳಿಸಲು: ನ್ಯಾಯಾಲಯ ಶುಲ್ಕ ಕಾಯ್ದೆಯ ಕಲಂ 26(ಸಿ)ಯಲ್ಲಿ ಶುಲ್ಕ ಲೆಕ್ಕ ಹಾಕುವ ಕನಿಷ್ಠ ಮೌಲ್ಯ 1,000 ರೂಪಾಯಿ. ಹುಸಿ ಉಳಿತಾಯ. ಪ್ರತಿವಾದಿಯ ಉತ್ತರವಾದ ಲಿಖಿತ ಹೇಳಿಕೆಗೆ 30 ದಿನ, ಹೆಚ್ಚೆಂದರೆ 90. ಅದು ಕೈಗೆ ಬಂದ ಕೂಡಲೇ ಓದಿ, ಕ್ರಯಪತ್ರದ ಪ್ರಸ್ತಾಪ ಕಂಡರೆ ಆಗಲೇ ಸಿಪಿಸಿಯ ಆದೇಶ 6 ನಿಯಮ 17ರಡಿ ವಾದಪತ್ರದ ತಿದ್ದುಪಡಿಗೆ ಅರ್ಜಿ ಹಾಕಬೇಕು. ಸಾಕ್ಷಿ ವಿಚಾರಣೆ ಶುರುವಾದಮೇಲೆ 'ಎಷ್ಟು ಎಚ್ಚರ ವಹಿಸಿದರೂ ಮೊದಲೇ ಕೇಳಲಾಗಲಿಲ್ಲ' ಎಂದು ತೋರಿಸಬೇಕಾಗುತ್ತದೆ, ಅದು ಕಷ್ಟ. ಘೋಷಣೆಗೆ ಕಾಲಮಿತಿ ಮೂರು ವರ್ಷ, ದಾವೆ ಹೂಡುವ ಹಕ್ಕು ಮೊದಲು ಹುಟ್ಟಿದ ದಿನದಿಂದ.

ಇನ್ನು ಷೆಡ್ಯೂಲು, ಅಂದರೆ ವಾದಪತ್ರದಲ್ಲಿನ ಆಸ್ತಿ ವಿವರ. ಇಡೀ 2 ಎಕರೆ 10 ಗುಂಟೆಯ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆದು ಬಿಟ್ಟರೆ ಡಿಕ್ರಿ ಬಂದರೂ ಅಮಲಿನಲ್ಲಿ 'ಯಾವ 3 ಗುಂಟೆ?' ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಆ ತುಂಡಿಗೆ ಬೇರೆ ಷೆಡ್ಯೂಲು, ಅದರದೇ ಚಕ್ಕುಬಂದಿ, ಜೊತೆಗೆ ನಕ್ಷೆ. ದಾವೆಗೆ ಮುಂಚೆಯೇ ಹದ್ದುಬಸ್ತು (ಸರ್ವೆಯವರಿಂದ ಗಡಿ ಅಳತೆ) ಮಾಡಿಸಿಕೊಂಡಿದ್ದರೆ ಆದೇಶ 26 ನಿಯಮ 9ರಡಿ ಸ್ಥಳ ಪರಿಶೀಲನೆಗೆ ಕಮಿಷನರ್ ಬೇಕೆಂದು ಕೇಳುವಾಗ, 'ಸಾಕ್ಷ್ಯ ಹುಡುಕಲು ಬಂದಿದ್ದಾರೆ' ಎಂಬ ಎದುರು ವಕೀಲರ ಆಕ್ಷೇಪಕ್ಕೆ ಬಲ ಕಡಿಮೆ.