ಬಿಗಿ ಕಾಲೇಜಿನ ‘ಬಿ’ ಗ್ರೇಡಿಗೆ ಬೇರೆ ಲೆಕ್ಕವಿಲ್ಲ

ಅಮೆರಿಕದ ಕಾಲೇಜೊಂದರಲ್ಲಿ ಪ್ರಿ-ಮೆಡ್ ವಿದ್ಯಾರ್ಥಿಗಳಿಗೆ, ಅಂದರೆ ಪದವಿಯ ನಂತರ ವೈದ್ಯಕೀಯ ಕಾಲೇಜು ಸೇರಬಯಸುವವರಿಗೆ, ಸಲಹೆ ನೀಡುವುದು ನನ್ನ ವೃತ್ತಿಯಾದ್ದರಿಂದ, ಇಲ್ಲಿನ ಕನ್ನಡ ಕುಟುಂಬಗಳ ತಂದೆತಾಯಂದಿರು ಪರಿಚಯದ ಸಲುಗೆಯಿಂದ ಫೋನ್ ಮಾಡುವುದುಂಟು. ಮಾತು ಎಲ್ಲಿ ಆರಂಭವಾದರೂ ಬಂದು ನಿಲ್ಲುವುದು ಒಂದೇ ಕಡೆ: “ಆ ಕಾಲೇಜಿನಲ್ಲಿ ಗ್ರೇಡು ಬಿಗಿ ಅಂತ ಎಲ್ಲರಿಗೂ ಗೊತ್ತಲ್ಲ ಮೇಡಂ, ಅಲ್ಲಿಯ ಬಿ ಬೇರೆ ಕಡೆಯ ಎ ಇದ್ದ ಹಾಗೆ ತಾನೇ?”

ಹಾಗೆ ಅಲ್ಲವೇ ಅಲ್ಲ. ಇಲ್ಲಿ ವೈದ್ಯರಾಗಲು ಓದುವ ಮೂಲ ಪದವಿಯೇ ಎಂ.ಡಿ.; ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಅರ್ಜಿ ಹೋಗುವುದು ಆಮ್‌ಕಾಸ್ ಎಂಬ ಕೇಂದ್ರೀಯ ವ್ಯವಸ್ಥೆಯ ಮೂಲಕ. ಅದು ಎ ಗ್ರೇಡಿಗೆ 4.0, ಎ ಮೈನಸ್‌ಗೆ 3.7, ಬಿ ಪ್ಲಸ್‌ಗೆ 3.3, ಬಿ ಗ್ರೇಡಿಗೆ 3.0 ಎಂದು ಹಾಕಿಕೊಂಡು ಒಟ್ಟು ಸರಾಸರಿಯನ್ನೂ (ಇದೇ ಜಿಪಿಎ), ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತಗಳ ಸರಾಸರಿಯನ್ನು ಪ್ರತ್ಯೇಕವಾಗಿಯೂ ತೆಗೆಯುತ್ತದೆ. ಈ ಲೆಕ್ಕದಲ್ಲಿ ಕಾಲೇಜಿನ ಹೆಸರಿಗೆ ಜಾಗವಿಲ್ಲ. ಪ್ರಾಧ್ಯಾಪಕರು ಎಷ್ಟು ಕಠಿಣ, ತರಗತಿಯ ಸರಾಸರಿ ಎಷ್ಟು, ಕರ್ವ್ ಹಾಕಿದ್ದರೇ (ತರಗತಿಯ ಒಟ್ಟು ಮಟ್ಟಕ್ಕೆ ತಕ್ಕಂತೆ ಗ್ರೇಡು ಹೊಂದಿಸಿದ್ದರೇ) ಇಲ್ಲವೇ ಎಂಬುದನ್ನು ಅದು ಕೇಳುವುದೂ ಇಲ್ಲ, ಕೂಡಿಸುವುದೂ ಇಲ್ಲ. ಕೋರ್ಸನ್ನು ಮತ್ತೊಮ್ಮೆ ತೆಗೆದುಕೊಂಡರೆ ಹಳೆಯ ಗ್ರೇಡು ಅಳಿಯುತ್ತದೆ ಎಂದುಕೊಂಡವರೂ ಇದ್ದಾರೆ. ಕಾಲೇಜು ತನ್ನ ದಾಖಲೆಯಲ್ಲಿ ಏನು ಮಾಡಿಕೊಂಡರೂ ಆಮ್‌ಕಾಸ್ ಎರಡನ್ನೂ ಸೇರಿಸಿಯೇ ಎಣಿಸುತ್ತದೆ.

ಕಳೆದ ವರ್ಷ ಹುಡುಗನೊಬ್ಬ ತನ್ನ ಟ್ರಾನ್ಸ್‌ಕ್ರಿಪ್ಟಿನ ಪ್ರತಿಯೊಂದಿಗೆ ಬಂದಿದ್ದ. ಆರ್ಗ್ಯಾನಿಕ್ ಕೆಮಿಸ್ಟ್ರಿಯ ಸಿ ಪ್ಲಸ್ ಮೇಲೆ ಹಳದಿ ಮಾರ್ಕರ್ ಬಳಿದಿದ್ದ. ಅದರ ಮೇಲೂ ಕೆಳಗೂ ಸಾಲಾಗಿ ನಿಂತಿದ್ದ ಬಿ ಪ್ಲಸ್‌ಗಳಿಗೆ ಏನೂ ಬಳಿದಿರಲಿಲ್ಲ. ನಾಲ್ಕು ಕ್ರೆಡಿಟ್ಟಿನ ಒಂದು ಕೋರ್ಸಿನಲ್ಲಿ ಎ ಬದಲು ಸಿ ಪ್ಲಸ್ ಬಂದರೆ, 120 ಕ್ರೆಡಿಟ್‌ಗಳ ಒಟ್ಟು ಸರಾಸರಿಯಲ್ಲಿ ಕಡಿಮೆಯಾಗುವುದು ಸುಮಾರು 0.06, ವಿಜ್ಞಾನದ 48 ಕ್ರೆಡಿಟ್‌ಗಳ ಸರಾಸರಿಯಲ್ಲಿ 0.14. ಆ 48 ಕ್ರೆಡಿಟ್‌ಗಳಲ್ಲೂ ಬಿ ಪ್ಲಸ್ಸೇ ಬಂದರೆ ಹೋಗುವುದು 0.7. ಬಿಗಿ ಗ್ರೇಡಿಂಗ್ ಪ್ರಿ-ಮೆಡ್ ಮಕ್ಕಳನ್ನು ಹಿಂದಕ್ಕೆ ತಳ್ಳುವುದು ಹೀಗೆ: ಮನೆಯಲ್ಲಿ ಅಳು ತರಿಸುವ ಒಂದು ಸಿ ಪ್ಲಸ್‌ನಿಂದಲ್ಲ, “ಪರವಾಗಿಲ್ಲ, ಒಳ್ಳೆಯ ಕಾಲೇಜು” ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಗ್ರೇಡುಗಳಿಂದ. ಎಂ.ಡಿ. ಕಾಲೇಜು ಸೇರುವವರ ಸರಾಸರಿ ಜಿಪಿಎ ಈಚಿನ ವರ್ಷಗಳಲ್ಲಿ 3.8ರ ಆಸುಪಾಸಿನಲ್ಲಿದೆ.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ 2004ರಲ್ಲಿ ಎ ಶ್ರೇಣಿಯ ಗ್ರೇಡುಗಳು ಶೇಕಡ 35ರ ಒಳಗಿರಬೇಕೆಂಬ ಗುರಿಯನ್ನು ವಿಭಾಗಗಳ ಮುಂದಿಟ್ಟಿತ್ತು. ಹೊರಗಿನವರು ಅರ್ಥ ಮಾಡಿಕೊಳ್ಳಲೆಂದು ವಿವರಣೆಯನ್ನೂ ಕಳುಹಿಸುತ್ತಿತ್ತು. ಆದರೂ ವಿದ್ಯಾರ್ಥಿಗಳ ಆತಂಕ ತಗ್ಗಲಿಲ್ಲ. 2014ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ವಿವರಣೆ ಓದಿದ ಮೇಲೂ ಮನುಷ್ಯರ ಕಣ್ಣು ಅಂಕಿಯ ಮೇಲೆಯೇ ನಿಲ್ಲುತ್ತದೆ ಎಂಬುದಕ್ಕೆ 2013ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಆಧಾರ ಒದಗಿಸುತ್ತದೆ: ಕಾಲೇಜುಗಳ ಸರಾಸರಿ ಗ್ರೇಡು ಕಣ್ಣೆದುರೇ ಇದ್ದರೂ, ಪ್ರವೇಶಾತಿಯಲ್ಲಿ ಅನುಭವವಿದ್ದವರು ಧಾರಾಳವಾಗಿ ಗ್ರೇಡು ಕೊಡುವ ಕಾಲೇಜಿನ ಅಭ್ಯರ್ಥಿಗಳ ಕಡೆಗೇ ವಾಲಿದರು. ಅದು ವೈದ್ಯಕೀಯ ಕಾಲೇಜುಗಳನ್ನು ಕುರಿತ ಅಧ್ಯಯನವಲ್ಲವಾದ್ದರಿಂದ ನಾನು ಅದನ್ನು ಎಚ್ಚರದಿಂದಲೇ ಬಳಸುತ್ತೇನೆ.

ಕಾಲೇಜಿನ ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಪ್ರವೇಶ ಸಮಿತಿಯಲ್ಲಿ ಅರ್ಜಿ ಓದುವವರು ಮನುಷ್ಯರೇ. ಕೆಲವರು ಕಠಿಣ ಕಾಲೇಜುಗಳನ್ನು ಬಲ್ಲರು, ಗ್ರೇಡುಗಳು ವರ್ಷದಿಂದ ವರ್ಷಕ್ಕೆ ಏರುತ್ತಿವೆಯೇ ಎಂದೂ ನೋಡುತ್ತಾರೆ. ವೈದ್ಯಕೀಯ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್ ಎಲ್ಲರಿಗೂ ಒಂದೇ ಆದ್ದರಿಂದ, 528ಕ್ಕೆ 517 ತೆಗೆದ ವಿದ್ಯಾರ್ಥಿಯ 3.5 ಜಿಪಿಎಯನ್ನು ಅವರು ಬೇರೆಯಾಗಿ ಓದುವ ಸಾಧ್ಯತೆಯಿದೆ. ಆದರೆ ಇದು ಸಾಧ್ಯತೆ ಮಾತ್ರ. ಇದನ್ನೇ ನಂಬಿ ಮಗಳ ನಾಲ್ಕು ವರ್ಷಗಳನ್ನು ಪಣಕ್ಕಿಡಬಾರದು.

ನಮ್ಮ ತಂದೆತಾಯಂದಿರ ಮೇಲೆ ನನಗೆ ಸಿಟ್ಟಿಗಿಂತ ಮಮತೆಯೇ ಹೆಚ್ಚು. ಊರಿನಲ್ಲಿರುವ ಅಣ್ಣನ ಮಗನಿಗೆ ನೀಟ್ ರ‍್ಯಾಂಕ್ ಇದ್ದರೆ ಸಾಕು, ಪಿಯುಸಿ ಅಂಕ ಅರ್ಹತೆಯಷ್ಟು ಬಂದರೆ ಆಯಿತು. ಇಲ್ಲಿ ಹದಿನೆಂಟು ವರ್ಷದ ಮಗು ಮನೆ ಬಿಟ್ಟು ಹೋದ ಮೊದಲ ಸೆಮಿಸ್ಟರಿನ ಗ್ರೇಡು ಕೂಡ ಕೊನೆಯವರೆಗೂ ಲೆಕ್ಕದಲ್ಲಿ ಉಳಿಯುತ್ತದೆ ಎಂಬುದು ಅವರಿಗೆ ಸುಲಭವಾಗಿ ಒಗ್ಗುವ ಸಂಗತಿಯಲ್ಲ.

ಪದವಿ ಕಾಲೇಜಿನ ಸೀಟನ್ನು ಸಾಮಾನ್ಯವಾಗಿ ಮೇ 1ರೊಳಗೆ ಒಪ್ಪಿಕೊಳ್ಳಬೇಕಾಗುತ್ತದೆ. ನನಗೆ ಫೋನ್ ಮಾಡುವುದಿದ್ದರೆ ಅದಕ್ಕೆ ಮೊದಲು ಮಾಡಿ, ಮೂರನೆಯ ವರ್ಷದಲ್ಲಲ್ಲ. ಕಾಲೇಜಿನ ಸಲಹಾ ಕಚೇರಿ “ನಮ್ಮಿಂದ ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿಗೆ ಸೀಟು ಸಿಕ್ಕಿದೆ” ಎಂದರೆ, ಮೊದಲ ವರ್ಷದಲ್ಲಿ ಪ್ರಿ-ಮೆಡ್ ಎಂದುಕೊಂಡವರು ಎಷ್ಟು ಮಂದಿ, ಅವರಲ್ಲಿ ಅರ್ಜಿ ಹಾಕುವ ಹಂತಕ್ಕೆ ಬಂದವರು ಎಷ್ಟು ಎಂದು ಕೇಳಿ. ಕಡಿಮೆ ಗ್ರೇಡಿನವರಿಗೆ ತಮ್ಮದೇ ಪ್ರಿ-ಮೆಡ್ ಸಮಿತಿಯ ಶಿಫಾರಸು ಪತ್ರವನ್ನೇ ಕೊಡದ ಕಾಲೇಜುಗಳೂ ಇವೆ. ಹಾಗೆ ಹಿಂದೆ ಸರಿದವರು ಆ ಲೆಕ್ಕದಲ್ಲಿ ಕಾಣಿಸುವುದಿಲ್ಲ.