ಒಟಿಪಿ ಯಾರ ಫೋನಿಗೆ ಬರುತ್ತದೆ?

ಡಿಗ್ರಿ ಅಡ್ಮಿಷನ್ ಮುಗಿಯುವ ಹೊತ್ತಿಗೆ ನನ್ನ ಅಂಗಡಿಯಲ್ಲಿ ದಿನಾ ಕೇಳುವ ಮಾತು ಒಂದಿದೆ. "ಅಕ್ಕಾ, ಸ್ಕಾಲರ್‌ಶಿಪ್‌ಗೆ ಅಕೌಂಟ್ ಮಾಡಿಸ್ಬೇಕಂತೆ. ಪಾಸ್‌ಬುಕ್ ತಂದಿದೀನಿ." ಪಾಸ್‌ಬುಕ್ ಜೊತೆಗೆ ಎರಡು ಫೋಟೋ, ಆಧಾರ್ ಜೆರಾಕ್ಸ್, ಕೆಲವು ಸಲ ರೇಷನ್ ಕಾರ್ಡಿನ ಒರಿಜಿನಲ್. ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇರುತ್ತದೆ. ಫೋನ್ ಮಾತ್ರ ಮನೆಯಲ್ಲಿ ಇರುತ್ತದೆ.

ನನಗೆ ಮೊದಲು ಬೇಕಾಗಿರುವುದೇ ಆ ಫೋನ್.

ಚಿಂತಾಮಣಿಯಲ್ಲಿ ಹನ್ನೊಂದು ವರ್ಷದಿಂದ ಆನ್‌ಲೈನ್ ಸೆಂಟರ್ ನಡೆಸುತ್ತಿದ್ದೇನೆ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಮೂಡ್ ಇದ್ದರೆ ಕೆಲಸ ಮಾಡುವ ಒಂದು ಯುಪಿಎಸ್. ಜಾತಿ-ಆದಾಯ ಪ್ರಮಾಣ ಪತ್ರದ ಮೇಲಿರುವ ಆರ್‌ಡಿ ನಂಬರ್, ಫೀ ರಸೀದಿ, ದಾಖಲೆ ಸರಿ ಇದೆ ಅಂತ ಕಾಲೇಜು ಆನ್‌ಲೈನ್‌ನಲ್ಲಿ ಮಾಡಿಕೊಡುವ ಈ-ಅಟೆಸ್ಟೇಷನ್ ಇವನ್ನೆಲ್ಲ ಮಕ್ಕಳು ಹೇಗೋ ಹೊಂದಿಸಿಕೊಂಡು ಬರುತ್ತಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷದ ಅವಧಿ, ಅದು ಮುಗಿದಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ, ಅಷ್ಟು ಸಾಕು. ತಲೆನೋವು ಇರುವುದು ಮೊಬೈಲ್ ನಂಬರಿನಲ್ಲಿ.

ಮೊದಲು ಈ 'ಅಕೌಂಟ್' ಅನ್ನುವ ಪದ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ, ನಾವು ಮಾಡಿಸುವ ಅಕೌಂಟಿಗೂ ಬ್ಯಾಂಕಿಗೂ ಸಂಬಂಧ ಇಲ್ಲ. ಅದು ಪೋರ್ಟಲ್ ಒಳಗೆ ಹೋಗುವ ಬಾಗಿಲಿನ ಬೀಗ ಇದ್ದ ಹಾಗೆ. ಒಬ್ಬ ವಿದ್ಯಾರ್ಥಿಗೆ ಒಂದೇ ಬೀಗ. ಮೊದಲ ವರ್ಷ ಸಿಕ್ಕಿದ ಐಡಿಯಲ್ಲೇ ಎರಡನೇ ವರ್ಷ, ಮೂರನೇ ವರ್ಷವೂ ಒಳಗೆ ಹೋಗಬೇಕು. ಹೊಸದು ಮಾಡಿಕೊಡಿ ಅಂದರೆ ಆಗುವುದಿಲ್ಲ, ಆಧಾರ್ ಹಾಕಿದ ತಕ್ಷಣ ಆಗಲೇ ಅಕೌಂಟ್ ಇದೆ ಅನ್ನುತ್ತದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ನಿಧಾನವಾಗಿ ಓದಿ. ಹನ್ನೊಂದು ವರ್ಷದಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಇಲ್ಲಿ ಎರಡು ಮೊಬೈಲ್ ನಂಬರ್ ಕೆಲಸ ಮಾಡುತ್ತವೆ. ಒಂದು, ಆಧಾರ್ ಮಾಡಿಸುವಾಗ ಕೊಟ್ಟ ನಂಬರ್. ಎರಡು, ಪೋರ್ಟಲ್ ಅಕೌಂಟಿಗೆ ಕೊಡುವ ನಂಬರ್. ಆಧಾರ್ ಒಟಿಪಿ ಹೋಗುವುದು ಮೊದಲನೆಯದಕ್ಕೆ. ಐಡಿ, ಪಾಸ್‌ವರ್ಡ್ ಸಮಾಚಾರ ಹೋಗುವುದು ಎರಡನೆಯದಕ್ಕೆ. "ಯಾವ್ದೋ ಒಂದು ಹಾಕಿ ಅಕ್ಕಾ" ಅನ್ನುತ್ತಾರಲ್ಲ, ಮೊದಲನೆಯ ನಂಬರನ್ನು ನಾನು ಹಾಕುವ ಹಾಗೇ ಇಲ್ಲ. ಅದು ಆಧಾರ್‌ನಲ್ಲಿ ಆಗಲೇ ಕೂತಿದೆ. ನೀವು ಈಗ ಯಾವ ಫೋನ್ ಹಿಡಿದುಕೊಂಡು ಬಂದಿದ್ದೀರಿ ಅನ್ನುವುದು ಅದಕ್ಕೆ ಬೇಕಿಲ್ಲ. ಏಳನೇ ಕ್ಲಾಸಿನಲ್ಲಿ ಆಧಾರ್ ತಿದ್ದುಪಡಿ ಮಾಡಿಸಿದಾಗ ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪನ ನಂಬರ್ ಕೊಟ್ಟಿದ್ದರೆ, ಇವತ್ತಿಗೂ ಒಟಿಪಿ ಚಿಕ್ಕಪ್ಪನಿಗೇ ಹೋಗುತ್ತದೆ. ಚಿಕ್ಕಪ್ಪನ ಜೊತೆ ಜಮೀನಿನ ಜಗಳ ಆಗಿ ಮಾತು ಬಿಟ್ಟಿದ್ದರೂ ಅವರಿಗೇ ಹೋಗುತ್ತದೆ. ಸುಮ್ನೆ ಹೇಳುತ್ತಿಲ್ಲ, ಈ ಕೇಸೂ ನೋಡಿದ್ದೇನೆ.

ಯಾವ ನಂಬರ್ ಇದೆ ಅಂತ ಗೊತ್ತಿಲ್ಲದಿದ್ದರೆ ಅಂಗಡಿಗೆ ಬರುವ ಅಗತ್ಯವೂ ಇಲ್ಲ. ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ವೆಬ್‌ಸೈಟಿನಲ್ಲಿ ಆಧಾರ್ ಚಾಲ್ತಿಯಲ್ಲಿದೆಯಾ ಅಂತ ನೋಡುವ ಜಾಗ ಇದೆ. 12 ಅಂಕಿ ಹಾಕಿದರೆ ಲಿಂಕ್ ಆಗಿರುವ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಅದು ನಿಮ್ಮ ಮನೆಯ ಯಾವ ನಂಬರಿಗೂ ಹೊಂದದಿದ್ದರೆ ಮೊದಲು ಆಧಾರ್ ಸೆಂಟರಿಗೆ ಹೋಗಿ ನಂಬರ್ ಬದಲಾಯಿಸಿಕೊಳ್ಳಿ. ಹೊಸ ನಂಬರ್ ಕೂರುವುದಕ್ಕೆ ಕೆಲವು ದಿನ ಬೇಕು. ಲಾಸ್ಟ್ ಡೇಟ್ ದಿನ ಸಂಜೆ ನಾಲ್ಕಕ್ಕೆ ಬಂದು "ಏನಾದ್ರೂ ಮಾಡಿ" ಅಂದರೆ ನಾನು ಟೀ ತರಿಸಬಹುದು, ಅಷ್ಟೆ.

ಹೋದ ವರ್ಷ ಕೈವಾರದ ಕಡೆಯ ಒಂದು ಹುಡುಗಿ ಬಂದಳು. ಬಿಕಾಂ ಎರಡನೇ ವರ್ಷ. ಹಾಸ್ಟೆಲ್ ಸಿಕ್ಕಿರಲಿಲ್ಲ, ರೂಮು ಮಾಡಿಕೊಂಡು ವಿದ್ಯಾಸಿರಿ, ಅಂದರೆ ಹಾಸ್ಟೆಲ್ ಸಿಗದವರ ಊಟ-ವಸತಿಗೆ ಸರ್ಕಾರ ಕೊಡುವ ದುಡ್ಡು, ತಗೊಳ್ಳುತ್ತಿದ್ದಳು. ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಅವಳ ಮನೆಗೆ ಅದು ದೊಡ್ಡ ಮೊತ್ತ. ಪಾಸ್‌ವರ್ಡ್ ಮರೆತಿದ್ದಳು. ಅದು ಬಿಡಿ, ಎಲ್ಲರೂ ಮರೆಯುತ್ತಾರೆ. ಹೊಸ ಪಾಸ್‌ವರ್ಡಿಗೆ ಒಟಿಪಿ ಕಳಿಸಿದರೆ ಅದು ಹೋಗಿದ್ದು ಅವಳ ಹಳೆ ಸಿಮ್ಮಿಗೆ. ರೀಚಾರ್ಜ್ ಮಾಡದೆ ಆ ಸಿಮ್ ಯಾವಾಗಲೋ ಸತ್ತಿತ್ತು. ಮೂರು ತಿಂಗಳು ಮುಟ್ಟದೆ ಇಟ್ಟ ಪ್ರೀಪೇಯ್ಡ್ ನಂಬರನ್ನು ಕಂಪನಿಯವರು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ 90 ದಿನ ಕಾದು ಬೇರೆಯವರಿಗೂ ಕೊಡಬಹುದು.

ಕೊಟ್ಟೂ ಇದ್ದರು. ಆ ನಂಬರಿಗೆ ಅವಳೇ ಫೋನ್ ಮಾಡಿದಳು. ಯಾರೋ ಗಂಡಸು ಎತ್ತಿದರು. ಇವಳು ಪಾಪ ಮರ್ಯಾದೆಯಾಗಿ, "ಅಂಕಲ್, ನಿಮ್ಮ ಫೋನಿಗೆ ಒಂದು ಒಟಿಪಿ ಬಂದಿದೆ, ಸ್ವಲ್ಪ ಹೇಳ್ತೀರಾ?" ಅಂದಳು. ಆ ಕಡೆಯಿಂದ ಬಂದ ಬೈಗುಳ ಜೆರಾಕ್ಸ್ ಮೆಷಿನ್ ಹತ್ತಿರ ನಿಂತವರಿಗೂ ಕೇಳಿಸಿತು. ಅವರದು ತಪ್ಪು ಅನ್ನಲಾರೆ. ಒಟಿಪಿ ಕೇಳಿ ಫೋನ್ ಮಾಡುವವರನ್ನು ಬೈಯಿರಿ ಅಂತ ನಾವೇ ಎಲ್ಲರಿಗೂ ಹೇಳಿಕೊಟ್ಟಿದ್ದೇವೆ ಅಲ್ವಾ? ಹುಡುಗಿ ಅಳುವುದಕ್ಕೆ ಶುರು ಮಾಡಿದಳು. ಆಮೇಲೆ ಕಾಲೇಜು, ಸಹಾಯವಾಣಿ, ಇಲಾಖೆಯ ತಾಲ್ಲೂಕು ಕಚೇರಿ ಅಂತ ಅಲೆದು, ಕಡೇ ವಾರದಲ್ಲಿ ಅರ್ಜಿ ಹೋಯಿತು. ಎಲ್ಲರಿಗೂ ಹಾಗೆ ಆಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ.

ಇನ್ನೊಂದು ಬಗೆಯವರು ಅಪ್ಪನ ನಂಬರ್ ಕೊಡುತ್ತಾರೆ. ಕೊಡಲಿ, ಒಳ್ಳೆಯದೇ. ಆದರೆ ಅಪ್ಪ ಟೊಮೆಟೊ ಲೋಡ್ ಹೊಡೆಯುವ ಡ್ರೈವರ್. ಮಗ ನನ್ನ ಮುಂದೆ ಕೂತಿದ್ದಾನೆ, ಒಟಿಪಿ ಮದನಪಲ್ಲಿ ರಸ್ತೆಯಲ್ಲಿ ಓಡುತ್ತಿದೆ. ಆಧಾರ್ ಒಟಿಪಿಗೆ ಹತ್ತೇ ನಿಮಿಷ ಆಯಸ್ಸು. ಅಪ್ಪ ಗಾಡಿ ಸೈಡಿಗೆ ಹಾಕಿ, ಕನ್ನಡಕ ಹುಡುಕಿ ಆರು ಅಂಕಿ ಓದುವಷ್ಟರಲ್ಲಿ ನಮ್ಮ ಸರ್ವರ್ ಸುತ್ತುತ್ತಿರುತ್ತದೆ. ಮತ್ತೆ ಕಳಿಸು, ಮತ್ತೆ ಫೋನ್ ಮಾಡು. ಈಗ ಅಪ್ಪ ಓದುವುದು ಹಳೆಯ ಮೆಸೇಜನ್ನೇ. ಹಾಗಾಗಿ ಅಪ್ಪ ಊರಲ್ಲಿರುವ ದಿನ ನೋಡಿಕೊಂಡು ಬನ್ನಿ ಅನ್ನುತ್ತೇನೆ. ಮುಹೂರ್ತ ಇಟ್ಟ ಹಾಗೆ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎಸ್‌ಎಸ್‌ಪಿ ಹೊಸದಾಗಿ ಬಂದಾಗ, ಪೋರ್ಟಲ್ ಅಕೌಂಟಿಗೆ ನಾನೇ ನನ್ನ ನಂಬರ್ ಕೊಟ್ಟಿದ್ದೆ, ಒಂದಷ್ಟು ಮಕ್ಕಳಿಗೆ. ಕೆಲಸ ಬೇಗ ಆಗುತ್ತದೆ, ಅವರಿಗೂ ಸುಲಭ ಅಂದುಕೊಂಡೆ. ಐಡಿ, ಪಾಸ್‌ವರ್ಡ್ ಎಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಮರುವರ್ಷ ಮಳೆಗಾಲದಲ್ಲಿ ಅಂಗಡಿ ಸೋರಿ ಆ ಪುಸ್ತಕದ ಅರ್ಧ ಶಾಯಿ ಹರಿದುಹೋಯಿತು. ರಾತ್ರಿ ಹನ್ನೊಂದಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್: "ಅಕ್ಕಾ, ನಿಮಗೊಂದು ಒಟಿಪಿ ಬಂದಿರುತ್ತೆ." ನಮ್ಮ ಯಜಮಾನರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆವತ್ತಿಗೆ ಬಿಟ್ಟೆ. ಅದೂ ಅಲ್ಲದೆ ಬೇರೆಯವರ ಬೀಗದ ಕೈ ನನ್ನ ಹತ್ತಿರ ಯಾಕಿರಬೇಕು?

ಹಾಗಾದರೆ ಯಾವ ನಂಬರ್ ಕೊಡುವುದು? ಡಿಗ್ರಿ ಮುಗಿಯುವ ತನಕ ನಿಮ್ಮ ಕೈಯಲ್ಲೇ ಇರುವ ನಂಬರ್. 18 ತುಂಬಿದ್ದರೆ ಸ್ವಂತ ಹೆಸರಿನ ಸಿಮ್. ಈ ಹೆಸರಿನ ವಿಷಯ ಯಾರೂ ಯೋಚಿಸುವುದಿಲ್ಲ. ಸಿಮ್ ಕಳೆದರೆ ಅದೇ ನಂಬರ್ ವಾಪಸ್ ಪಡೆಯುವುದಕ್ಕೆ ಸಿಮ್ ಯಾರ ಹೆಸರಲ್ಲಿದೆಯೋ ಅವರೇ ಬರಬೇಕು. ಆಫರ್ ಇದ್ದಾಗ ಬೆಂಗಳೂರಿನ ಮಾವನ ಹೆಸರಲ್ಲಿ ತಗೊಂಡ ಸಿಮ್ ಆದರೆ ಮಾವನನ್ನೇ ಕರೆಸಬೇಕು. ಆಧಾರಿಗೂ ಅದೇ ನಂಬರ್, ಎಸ್‌ಎಸ್‌ಪಿಗೂ ಅದೇ, ಕಾಲೇಜಿನ ಅಡ್ಮಿಷನ್, ಪರೀಕ್ಷೆ ನೋಡಿಕೊಳ್ಳುವ ಯುಯುಸಿಎಂಎಸ್ ಪೋರ್ಟಲ್‌ಗೂ ಅದೇ ಇರಲಿ. ಆಮೇಲೆ ಹೆಚ್ಚು ಡೇಟಾ ಕೊಡುತ್ತಾರೆ ಅಂತ ಸಿಮ್ ಎಸೆಯಬೇಡಿ. ನಂಬರ್ ಉಳಿಸಿಕೊಂಡೇ ಕಂಪನಿ ಬದಲಾಯಿಸಬಹುದು.

ಕೇಂದ್ರದ ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಬೇರೆಯೇ. ಪಿಯುಸಿಯಲ್ಲಿ ಚೆನ್ನಾಗಿ ಅಂಕ ತೆಗೆದವರು ಹಾಕುವ ವರ್ಷಕ್ಕೆ 12,000 ರೂಪಾಯಿಯ ಸ್ಕಾಲರ್‌ಶಿಪ್ ಅಲ್ಲಿದೆ. 2024-25ರಿಂದ ಅಲ್ಲಿ ಒಟಿಆರ್, ಅಂದರೆ ಒಂದೇ ಸಲ ಮಾಡಿಸುವ ನೋಂದಣಿ, ಅಂತ 14 ಅಂಕಿಯ ನಂಬರ್ ಕೊಡುತ್ತಾರೆ, ಫೋನಿನ ಕ್ಯಾಮೆರಾಕ್ಕೆ ಮುಖ ತೋರಿಸಬೇಕು. ಎಸ್‌ಎಸ್‌ಪಿ ಐಡಿ ಅಲ್ಲಿ ನಡೆಯುವುದಿಲ್ಲ, ಒಟಿಆರ್ ಇಲ್ಲಿ ನಡೆಯುವುದಿಲ್ಲ. ಯಾವುದಕ್ಕೆ ನೀವು ಅರ್ಹರು ಅನ್ನುವುದನ್ನು ಆಯಾ ವರ್ಷದ ಪ್ರಕಟಣೆ ನೋಡಿಯೇ ತೀರ್ಮಾನಿಸಿ, ನನ್ನ ಮಾತು ನಂಬಿಕೊಂಡಲ್ಲ. ಪೋರ್ಟಲ್‌ಗಳ ಸ್ಕ್ರೀನು ವರ್ಷ ವರ್ಷ ಬದಲಾಗುತ್ತದೆ.

ಪಾಸ್‌ಬುಕ್ ತಂದವರಿಗೂ ಒಂದು ಮಾತು. ದುಡ್ಡು ಬರುವುದು ಪಾಸ್‌ಬುಕ್ ತೋರಿಸಿದ ಬ್ಯಾಂಕಿಗಲ್ಲ, ಆಧಾರ್ ಸೀಡಿಂಗ್ ಆಗಿರುವ, ಅಂದರೆ ದುಡ್ಡು ಬರುವುದಕ್ಕೆ ಆಧಾರ್ ಜೋಡಿಸಿರುವ ಖಾತೆಗೆ. ಅದು ಯಾವುದು ಅಂತ ಬ್ಯಾಂಕಿನಲ್ಲಿ ಕೇಳಿ.

ಮೊನ್ನೆ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಫೋನ್ ತಂದಿರಲಿಲ್ಲ. "ನಿಮ್ಮ ನಂಬರೇ ಹಾಕ್ಬಿಡಮ್ಮಾ, ಐವತ್ತು ರೂಪಾಯಿ ಜಾಸ್ತಿ ತಗೊಳ್ಳಿ" ಅಂದರು. ಆಗಲ್ಲಣ್ಣಾ, ನಾಳೆ ಫೋನ್ ತಗೊಂಡು ಬನ್ನಿ ಅಂದೆ. ಮುಖ ಗಂಟಿಕ್ಕಿಕೊಂಡು ಎದುರು ಸಾಲಿನ ಅಂಗಡಿಗೆ ಹೋದರು. ಹತ್ತು ನಿಮಿಷಕ್ಕೆ ಆ ಹುಡುಗಿ ಒಬ್ಬಳೇ ಓಡಿಬಂದಳು. "ಅಕ್ಕಾ, ಅಲ್ಲಿ ಅವ್ರ ನಂಬರ್ ಹಾಕ್ತೀನಿ ಅಂತಿದಾರೆ. ನಾಳೆ ಎಷ್ಟೊತ್ತಿಗೆ ಬಾಗಿಲು ತೆಗೀತೀರಾ?"

ಒಂಬತ್ತಕ್ಕೆ ಅಂದೆ.